ಮುಲುಂಡಿನ ಹಳೇ ಫ್ಲಾಟಿನ ಬಾಗಿಲಿಗೆ ಬಲ: ಕೆಲಸ ದಾರಂದದಿಂದ ಶುರು

ಮುಂಬೈಯ ಮುಲುಂಡ್ ಪೂರ್ವದ ಹಳೇ ಸೊಸೈಟಿ ಕಟ್ಟಡ. ನೆಲದ ಮೇಲೆ ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಫ್ಲಾಟ್ ಮೊದಲ ಮಹಡಿಯಲ್ಲಿದೆ. ಕಾಂಕ್ರೀಟ್ ಕಂಬಗಳ ನಡುವೆ ಇಟ್ಟಿಗೆ ಗೋಡೆ. ಮುಖ್ಯ ಬಾಗಿಲು 32 ಮಿ.ಮೀ. ದಪ್ಪದ ಫ್ಲಶ್ ಡೋರ್, ಒಳಕ್ಕೆ ತೆರೆಯುತ್ತದೆ. ಅದರ ಮುಂದಿರುವ ಜಾಳಿಗೆಯ ಸೇಫ್ಟಿ ಡೋರ್ ಹೊರಕ್ಕೆ ತೆರೆಯುತ್ತದೆ. ದಾರಂದ, ಅಂದರೆ ಬಾಗಿಲ ಚೌಕಟ್ಟು, ಸಾಲ್ ಮರದ್ದು, 100 × 65 ಮಿ.ಮೀ. ಒಳಗೊಂದು ನೈಟ್ ಲಾಚ್ (ಬಾಗಿಲು ಎಳೆದರೆ ತಾನೇ ಬೀಳುವ ಬೀಗ), ಹೊರಗೆ 10 ಇಂಚಿನ ಅಲ್ಡ್ರಾಪ್ (ಅಡ್ಡ ಸರಿಯುವ ದೊಡ್ಡ ಚಿಲಕ), ಅದಕ್ಕೊಂದು ದೊಡ್ಡ ಪ್ಯಾಡ್‌ಲಾಕ್. ಮಾಟುಂಗಾ, ಡೊಂಬಿವಲಿ, ಮೀರಾ ರೋಡಿನ ನಮ್ಮ ಕನ್ನಡಿಗರ ಹಳೇ ಮನೆಗಳಲ್ಲೂ ಸಾಮಾನ್ಯವಾಗಿ ಇದೇ ಜೋಡಣೆ. ಮೇ ತಿಂಗಳಲ್ಲಿ ಮತ್ಸ್ಯಗಂಧಾ ರೈಲು ಹತ್ತಿ ಊರಿಗೆ ಹೊರಟರೆ ಹದಿನೈದು ದಿನ ಮನೆ ಖಾಲಿ, ಚೌತಿಗೆ ಮತ್ತೊಂದು ವಾರ.

ಇಂಥ ಮನೆಗಳಿಂದ ಬರುವ ಬೇಡಿಕೆ ಒಂದೇ: ಗಟ್ಟಿಯಾದ ಬೀಗ ಹಾಕಿಕೊಡಿ. ಆದರೆ ಕೆಲಸದ ಸಾಲಿನಲ್ಲಿ ಬೀಗ ಬರುವುದು ಕೊನೆಗೆ.

ಬಾಗಿಲು ಒಡೆಯುವುದು ಹೇಗೆ

ಮುಂಬೈ ಪೊಲೀಸರ ಬಾಯಲ್ಲಿ ಘರ್‌ಫೋಡಿ, ಅಂದರೆ ಮನೆ ಒಡೆಯುವುದು, ಎಂದರೆ ಹೆಚ್ಚಾಗಿ ಕಟಾವಣಿಯ ಕೆಲಸ. ಕಟಾವಣಿ ಎಂದರೆ ಚೀಲದೊಳಗೆ ಹಿಡಿಯುವ ಸಣ್ಣ ಹಾರೆ. ಬೀಗ ತೆರೆಯುವ ಕೈಚಳಕ ಬಲ್ಲವರು ಕಡಿಮೆ, ಆ ಚಳಕದ ಅಗತ್ಯವೂ ಕಡಿಮೆ. ಪ್ಯಾಡ್‌ಲಾಕ್ ಇದ್ದರೆ ಅದನ್ನು ಮುಟ್ಟುವುದೇ ಇಲ್ಲ, ಅಲ್ಡ್ರಾಪಿನ ಕೊಂಡಿಗೆ ಹಾರೆ ಕೊಟ್ಟು ಮೀಟುತ್ತಾರೆ. ಇಂಚುದ್ದದ ನಾಲ್ಕು ಸ್ಕ್ರೂ ಮರ ಸಮೇತ ಎದ್ದು ಬರುತ್ತವೆ. ಬೀಗ ಮುಚ್ಚಿದಂತೆಯೇ ಕೆಳಗೆ ನೇತಾಡುತ್ತಿರುತ್ತದೆ. ನೈಟ್ ಲಾಚ್ ಮಾತ್ರ ಇದ್ದರೆ ಹಾರೆಯ ಮೂತಿ ಬಾಗಿಲಿಗೂ ದಾರಂದಕ್ಕೂ ನಡುವಿನ ಸಂದಿಗೆ ಹೋಗುತ್ತದೆ, ಇಲ್ಲವೇ ನೇರ ಒದೆ ಬೀಳುತ್ತದೆ. ಬಾಗಿಲು ಒಳಕ್ಕೆ ಹೋಗುವಾಗ ಅಗುಳಿ ಕೂರುವ ಗೂಡನ್ನು ಎಳೆದುಕೊಂಡೇ ಹೋಗುತ್ತದೆ. ಗೂಡಿನ ಸ್ಕ್ರೂಗಳು 19 ರಿಂದ 25 ಮಿ.ಮೀ. ಉದ್ದದವು, ಎಳೆತ ಬೀಳುವುದು ಅವು ಹೊಕ್ಕ ದಿಕ್ಕಿಗೇ. ಗೂಡು ಕಿತ್ತು ಬರಲು ಒಂದೆರಡು ಒದೆ ಸಾಕು.

ಹೀಗಾಗಿ ದುಬಾರಿ ಬೀಗ ತಂದು ಅದೇ ಜಾಗದಲ್ಲಿ, ಅದೇ ಸ್ಕ್ರೂಗಳಿಂದ ಕೂರಿಸಿದರೆ ಮನೆಯ ಭದ್ರತೆಯಲ್ಲಿ ಏನೂ ಬದಲಾಗುವುದಿಲ್ಲ. ಅಗುಳಿಯ ಬಲ ಗೂಡಿಗೆ, ಗೂಡಿನ ಬಲ ದಾರಂದಕ್ಕೆ, ದಾರಂದದ ಬಲ ಗೋಡೆಗೆ ಹೋಗಿ ಸೇರಬೇಕು. ಈ ಕೆಲಸವೆಲ್ಲ ಆ ದಾರಿಯನ್ನು ಎಲ್ಲೂ ಕಡಿಯದಂತೆ ಕಟ್ಟುವುದೇ.

ಮೊದಲು ಪರೀಕ್ಷೆ

ಬಾಗಿಲಿಗೆ ಬೀಗ ಹಾಕಿ ಹೊರಗಿನಿಂದ ಅಂಗೈಯಿಂದ ಒತ್ತಬೇಕು: ಬೀಗದ ಹತ್ತಿರ, ಮೇಲಿನ ಮೂಲೆ, ಕೆಳಗಿನ ಮೂಲೆ. ಇಲ್ಲಿ ಬೀಗದ ಬಳಿ 4 ಮಿ.ಮೀ. ಸರಿಯಿತು, ಕೆಳಮೂಲೆಯಲ್ಲಿ ಅದಕ್ಕಿಂತ ಹೆಚ್ಚು. ಸರಿದದ್ದು ಬಾಗಿಲೋ ದಾರಂದವೋ ಎಂಬುದು ಮುಖ್ಯ. ದಾರಂದ ಮತ್ತು ಪ್ಲಾಸ್ಟರ್ ಸೇರುವ ಗೆರೆಯ ಮೇಲೆ ಬೆರಳಿಟ್ಟು ಇನ್ನೊಬ್ಬರಿಂದ ಒತ್ತಿಸಿದರೆ ಗೊತ್ತಾಗುತ್ತದೆ. ಬೆರಳ ಕೆಳಗೆ ಕದಲಿಕೆ ಇತ್ತು. ಸುತ್ತಿಗೆಯ ಹಿಡಿಯಿಂದ ದಾರಂದವನ್ನು ತಟ್ಟುತ್ತ ಹೋದಾಗ ನೆಲದಿಂದ ಒಂದು ಮೀಟರಿನವರೆಗೆ ಟೊಳ್ಳು ಸದ್ದು. ಮರದ ಹಿಂದಿನ ಗಾರೆ ಉದುರಿಹೋಗಿದೆ. ಕಟ್ಟುವಾಗ ದಾರಂದ ಹಿಡಿಯಲೆಂದು ಗೋಡೆಗೆ ಹಾಕಿದ ಕಬ್ಬಿಣದ ಹೋಲ್ಡ್‌ಫಾಸ್ಟ್ ಪಟ್ಟಿಗಳು ಒಂದೊಂದು ಬದಿಗೆ ಮೂರು ಇರುತ್ತವೆ. ನೆಲ ತೊಳೆದ ನೀರು ವರ್ಷಗಟ್ಟಲೆ ಹೀರಿ ಕೆಳಗಿನದು ತುಕ್ಕಾಗಿರುತ್ತದೆ.

ಆಮೇಲೆ ಗೆದ್ದಲು. ಚೂಪಾದ ಸ್ಕ್ರೂಡ್ರೈವರನ್ನು ಹೊಸ್ತಿಲ ಬಳಿ, ಬಿಜಾಗರಿಗಳ ಹಿಂದೆ ಮತ್ತು ದಾರಂದದ ಮೇಲ್ಮೂಲೆಗಳಲ್ಲಿ ಚುಚ್ಚಬೇಕು. ಗಟ್ಟಿ ಸಾಲ್ ಮರದಲ್ಲಿ ಮೊನೆ ಒಂದೆರಡು ಮಿ.ಮೀ. ದಾಟುವುದಿಲ್ಲ. ಐದಾರು ಮಿ.ಮೀ. ಸಲೀಸಾಗಿ ಹೋದರೆ ಆ ದಾರಂದವನ್ನು ಬದಲಿಸಲೇಬೇಕು. ಪುಟ್ಟಿ ಮೆತ್ತಿ ಬಣ್ಣ ಬಳಿದರೆ ನೋಟ ಸರಿಹೋಗುತ್ತದೆ, ಸ್ಕ್ರೂ ಹಿಡಿಯಲು ಮರ ಸಿಗುವುದಿಲ್ಲ. ಈ ಮನೆಯ ಮರ ಗಟ್ಟಿಯಿತ್ತು, ಕೆಲಸ ಮುಂದುವರಿಯಿತು.

ಸಾಮಾನು

ಮಸ್ಜಿದ್ ಬಂದರ್ ಸ್ಟೇಷನ್ನಿಗೆ ಹತ್ತಿರದ ನಾಗದೇವಿ ಬೀದಿಯಲ್ಲಿ ಬಹುತೇಕ ಎಲ್ಲವೂ ಸಿಗುತ್ತದೆ. ಪುಣೆಯವರಿಗೆ ಬೋಹ್ರಿ ಆಳಿ. ಎರಡು ಲಾಕ್‌ಗಳನ್ನು ಬಿಟ್ಟು ತಂದದ್ದು ಇಷ್ಟು:

- 40 × 40 × 5 ಮಿ.ಮೀ. ಎಂ.ಎಸ್. ಆಂಗಲ್ (ಎಲ್ ಆಕಾರದ ಉಕ್ಕಿನ ಪಟ್ಟಿ), 1200 ಮಿ.ಮೀ. ಉದ್ದ, ಒಂದು ಮೈಯನ್ನು 30ಕ್ಕೆ ಕತ್ತರಿಸಿದ್ದು
- 10 × 140 ಮಿ.ಮೀ. ನೈಲಾನ್ ಫ್ರೇಮ್ ಆಂಕರ್, 8
- 10 ನಂಬರ್ ಕೌಂಟರ್‌ಸಂಕ್ ಸ್ಕ್ರೂ, 65 ಮಿ.ಮೀ. ಉದ್ದದವು 8, 40 ಮಿ.ಮೀ.ನವು 8, ಬಿಜಾಗರಿಗಳಿಗೆ 50 ಮಿ.ಮೀ.ನವು 12
- ಎಂ6 (6 ಮಿ.ಮೀ. ವ್ಯಾಸದ) ಗುಂಡುತಲೆಯ ಕ್ಯಾರೇಜ್ ಬೋಲ್ಟ್, ನಟ್, ಅಗಲ ವಾಷರ್, 8 ಜೊತೆ
- ನಾನ್-ಶ್ರಿಂಕ್ ಗ್ರೌಟ್ (ಒಣಗಿದಾಗ ಕುಗ್ಗದ ಗಾರೆ), ತೇಗದ ಚಕ್ಕೆಗಳು, ಎಪಾಕ್ಸಿ, ಝಿಂಕ್ ಪ್ರೈಮರ್

ಇದೆಲ್ಲ ಸೇರಿದರೂ ಒಂದು ಒಳ್ಳೆಯ ಲಾಕಿನ ಬೆಲೆಗಿಂತ ಕಡಿಮೆಯೇ.

ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಸಲಹೆ: ಸ್ಟ್ರೈಕ್ ಪ್ಲೇಟಿಗೆ, ಅಂದರೆ ಅಗುಳಿ ಹೋಗಿ ಕೂರುವ ದಾರಂದದ ತಟ್ಟೆಗೆ, ಮೂರಿಂಚಿನ ಸ್ಕ್ರೂ ಹಾಕಿ. ಅದು ಅಮೆರಿಕದಂಥ ದೇಶಗಳ ಮರದ ಹಂದರದ ಮನೆಗಳಿಗೆ ಸರಿ. ಅಲ್ಲಿ ದಾರಂದದ ಹಿಂದೆಯೂ ಮರದ ಕಂಬ ಇರುತ್ತದೆ, ಉದ್ದ ಸ್ಕ್ರೂ ಅದನ್ನು ಕಚ್ಚುತ್ತದೆ. ನಮ್ಮಲ್ಲಿ ದಾರಂದದ ಹಿಂದಿರುವುದು ಗಾರೆ, ಅದರಾಚೆ ಇಟ್ಟಿಗೆ. ಮೂರಿಂಚಿನ ಸ್ಕ್ರೂವಿನ ತುದಿ ಗಾರೆಯ ಪುಡಿಯಲ್ಲಿ ನಿಂತುಬಿಡುತ್ತದೆ. ಇಲ್ಲಿ ಬೇಕಾದ್ದು ಗೋಡೆಯೊಳಗೆ ಹಿಗ್ಗಿ ಕೂರುವ ಆಂಕರ್.

ದಾರಂದವನ್ನು ಗೋಡೆಗೆ ಕಟ್ಟುವುದು

ಮೊದಲು ಟೊಳ್ಳು ತುಂಬಬೇಕು. ಟೊಳ್ಳು ಬಿಟ್ಟು ಆಂಕರ್ ಬಿಗಿದರೆ ದಾರಂದ ಗೋಡೆಯ ಕಡೆಗೆ ಬಾಗುತ್ತದೆ, ಬಾಗಿಲ ಸಂದಿ ನಡುವಲ್ಲಿ ಅಗಲವಾಗುತ್ತದೆ, ಅಗುಳಿ ಗೂಡಿನಿಂದ ಹಿಂದೆ ಸರಿಯುತ್ತದೆ. ಬೀಗದ ಬದಿಯಲ್ಲಿ ದಾರಂದದ ಅಂಚಿನ ಪ್ಲಾಸ್ಟರನ್ನು ಇಂಚಗಲಕ್ಕೆ ಕೆತ್ತಿ, ಸಡಿಲ ಗಾರೆಯನ್ನೆಲ್ಲ ಕೆರೆದು, ಬ್ರಷ್ಷಿನಿಂದ ಧೂಳು ತೆಗೆದು, ಆಂಕರ್ ಬರುವ ಪ್ರತಿ ಜಾಗದ ಹತ್ತಿರ ತೇಗದ ಚಕ್ಕೆ ಸಿಗಿಸಲಾಯಿತು. ಓಲಂಬ ಹಿಡಿದು ನೇರ ನೋಡಿದ ಮೇಲೆ ಇಟ್ಟಿಗೆಯನ್ನು ಒದ್ದೆ ಮಾಡಿ ಗ್ರೌಟ್ ತುಂಬಿದ್ದು. ಗ್ರೌಟ್ ಸಿಗದಿದ್ದರೆ 1:3 ಸಿಮೆಂಟ್ ಗಾರೆಯನ್ನು ಸ್ವಲ್ಪ ಬಿಗುವಾಗಿ ಕಲಸಿ ಕಡ್ಡಿಯಿಂದ ಜಡಿದು ತುಂಬಬಹುದು, ಮೂರು ದಿನ ನೀರು ಚಿಮುಕಿಸಬೇಕು. ಈಗ ಎಲ್ಲರೂ ಡಬ್ಬಿಯ ಪಿ.ಯು. ಫೋಮ್ ಸಿಂಪಡಿಸಿ ಮುಗಿಸುತ್ತಾರೆ. ಗಾಳಿ, ಧೂಳು ತಡೆಯಲು ಫೋಮ್ ಚೆನ್ನಾಗಿದೆ. ಒದೆ ತಡೆಯಲು ಅದು ಉಪಯೋಗವಿಲ್ಲ, ಬೆರಳಿಂದ ಒತ್ತಿದರೇ ತಗ್ಗುತ್ತದೆ.

ಆಂಕರಿನ ತೂತು ಎಲ್ಲಿ ಎಂಬುದರಲ್ಲಿ ಅನುಭವಿ ಬಡಗಿಗಳೂ ಎಡವುತ್ತಾರೆ. ಬಾಗಿಲು ಕೂರುವ ಮೆಟ್ಟಿಲಿನಲ್ಲಿ, ಅಂದರೆ ರಿಬೇಟಿನಲ್ಲಿ ಕೊರೆದರೆ ತೂತು ಗೋಡೆಯ ಒಳಮುಖಕ್ಕೆ ತೀರಾ ಹತ್ತಿರ ಬೀಳುತ್ತದೆ. ಆಂಕರ್ ಹಿಗ್ಗಿದಾಗ ಇಟ್ಟಿಗೆಯ ಅಂಚು ಸಿಡಿದು ಪ್ಲಾಸ್ಟರ್ ಉಬ್ಬುತ್ತದೆ, ಹಿಡಿತವೂ ಹೋಗುತ್ತದೆ. ದಾರಂದದ ದಪ್ಪ ಭಾಗದಲ್ಲಿ, ಗೋಡೆಯ ನಡುಗೆರೆಗೆ ಸರಿಯಾಗಿ ಕೊರೆಯಬೇಕು. ಅಲ್ಲಿ ಮರ 65 ಮಿ.ಮೀ., 140ರ ಆಂಕರಿನಲ್ಲಿ ಉಳಿದ 75 ಮಿ.ಮೀ. ಗಾರೆ ದಾಟಿ ಇಟ್ಟಿಗೆಗೆ ಹೋಗುತ್ತದೆ. ಬೀಗದ ಬದಿಗೆ ಐದು, ಬಿಜಾಗರಿಯ ಬದಿಗೆ ಮೂರು. ಬೀಗದ ಎರಡೂ ಜಾಗಗಳ ಮೇಲೆ-ಕೆಳಗೆ 150 ಮಿ.ಮೀ. ಒಳಗೆ ಒಂದೊಂದು ಬರಲೇಬೇಕು.

ಮರಕ್ಕೆ ಮರದ ಬಿಟ್, ಇಟ್ಟಿಗೆ ಮುಟ್ಟಿದ ಮೇಲೆ 10 ಮಿ.ಮೀ. ಮೇಸನ್ರಿ ಬಿಟ್. ಹಳೇ ಇಟ್ಟಿಗೆಗೆ ಡ್ರಿಲ್ಲಿನ ಹ್ಯಾಮರ್ ಮೋಡ್ (ಬಡಿಯುತ್ತ ಕೊರೆಯುವುದು) ಬೇಡ, ಸುಮ್ಮನೆ ತಿರುಗಿಸಿದರೂ ಹೋಗುತ್ತದೆ. ಬಡಿದರೆ ಒಳಗೆ ಕುಳಿಯಾಗಿ ಆಂಕರ್ ಸುಮ್ಮನೆ ಸುತ್ತುತ್ತದೆ. ಧೂಳು ಊದಿ ತೆಗೆಯದಿದ್ದರೂ ಅದೇ ಪಾಡು. ಬಿಗಿಯುವಾಗ ಕೈಯ ಸ್ಕ್ರೂಡ್ರೈವರ್ ಒಳ್ಳೆಯದು, ತಲೆ ಮರದೊಳಗೆ 10 ಮಿ.ಮೀ. ಇಳಿಯಬೇಕು. ಬಾಗಿಲು ಮುಚ್ಚಿದಾಗ ಈ ತಲೆಗಳು ಹೊರಗಿನವರ ಕಣ್ಣಿಗೂ ಕೈಗೂ ಸಿಗುತ್ತವೆ. ಆದ್ದರಿಂದ ಅವುಗಳ ಮೇಲೆ ಎಪಾಕ್ಸಿ ತುಂಬಿ ಮರದ ಬಿರಡೆ ಹೊಡೆದು ಸಮ ಮಾಡಬೇಕು.

ಗೋಡೆ ಬೇರೆಯಾದರೆ ಲೆಕ್ಕವೂ ಬೇರೆ. ಹೊಸ ಟವರುಗಳ ಎ.ಎ.ಸಿ. ಬ್ಲಾಕಿನಲ್ಲಿ (ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್) ಮಾಮೂಲಿ ಆಂಕರ್ ಬ್ಲಾಕನ್ನೇ ಪುಡಿ ಮಾಡುತ್ತದೆ. ಅದಕ್ಕೆಂದೇ ಬರುವ ಆಂಕರ್ ಅಥವಾ ಅಂಟಿನಿಂದ ಹಿಡಿಯುವ ಕೆಮಿಕಲ್ ಆಂಕರ್ ಬೇಕು. ಪೂರ್ತಿ ಕಾಂಕ್ರೀಟ್ ಗೋಡೆಯಲ್ಲಿ ಹ್ಯಾಮರ್ ಬೇಕೇ ಬೇಕು. ಬಿಟ್ ಕಾಂಕ್ರೀಟಿನೊಳಗಿನ ಕಬ್ಬಿಣದ ಸರಳಿಗೆ ತಾಗಿ ನಿಂತರೆ ಹಟ ಹಿಡಿಯದೆ 30 ಮಿ.ಮೀ. ಮೇಲೋ ಕೆಳಗೋ ಸರಿಸಿ ಕೊರೆಯಿರಿ.

ಆಂಗಲ್

ಬೀಗದ ಬದಿಯ ದಾರಂದದ ಮೂಲೆಗೆ ಆಂಗಲ್ ಕೂರುತ್ತದೆ: 30ರ ಮೈ ರಿಬೇಟಿನೊಳಗೆ, 40ರ ಮೈ ಕೋಣೆಯ ಕಡೆಗೆ. ಎರಡೂ ಕಡೆ 5 ಮಿ.ಮೀ. ಆಳಕ್ಕೆ ಉಳಿಯಿಂದ ಕೊರೆದು ಮರಕ್ಕೆ ಸಮನಾಗಿ ಇಳಿಸಬೇಕು. ಮೇಲೆಯೇ ಕೂರಿಸಿದರೆ ಬಾಗಿಲು ಮುಚ್ಚುವುದಿಲ್ಲ, ಗೂಡೂ ಬೀಗಕ್ಕೆ ಹೊಂದುವುದಿಲ್ಲ. ಫ್ಯಾಬ್ರಿಕೇಟರ್ ಹತ್ತಿರವೇ ತೂತು ಹಾಕಿಸಿ, ಅಂಚಿನ ಕಸರು ಉಜ್ಜಿಸಿ, ಎರಡು ಕೋಟ್ ಝಿಂಕ್ ಪ್ರೈಮರ್ ಹೊಡೆದು ತರುವುದು ಸುಲಭ. ಪ್ರತಿ ಮೈಗೆ ಎಂಟು ತೂತು. ಎದುರುಬದುರು ಬರದಂತೆ ಹೆಜ್ಜೆ ತಪ್ಪಿಸಿ ಹಾಕಿಸಬೇಕು, ಇಲ್ಲದಿದ್ದರೆ ಒಳಗೆ ಸ್ಕ್ರೂಗೆ ಸ್ಕ್ರೂ ತಾಗಿ ಮರ ಸೀಳುತ್ತದೆ. ಕೋಣೆಯ ಮೈಗೆ 65ರ ಸ್ಕ್ರೂ, ರಿಬೇಟ್ ಮೈಗೆ 40ರದ್ದು. ಸಾಲ್ ಮರಕ್ಕೆ 3.5 ಮಿ.ಮೀ. ಪೈಲಟ್ ತೂತು ಹಾಕದೆ ಕೈ ಹಚ್ಚಬೇಡಿ, ಸ್ಕ್ರೂವಿನ ಕತ್ತು ತಿರುಚಿ ಮುರಿಯುತ್ತದೆ. ಎಳೆಗೆ ಒಣ ಸೋಪು ಸವರಿದರೆ ಸಲೀಸು.

ಗೂಡನ್ನು ಮರಕ್ಕೆ ಬಿಗಿಯದೆ ಆಂಗಲ್ಲಿಗೇ ಬಿಗಿಯಬೇಕು. 5 ಮಿ.ಮೀ. ತೂತು ಕೊರೆದು ಎಂ6 ಟ್ಯಾಪ್ ಹಾಕಿದರೆ ಎಳೆ ಸಿಗುತ್ತದೆ. ಈಗ ಒದೆ ಬಿದ್ದರೆ ಗೂಡು ಎಳೆಯಬೇಕಾದ್ದು ಹದಿನಾರು ಸ್ಕ್ರೂಗಳಿಂದ ಹಿಡಿದ ಉಕ್ಕನ್ನು, ಆ ಉಕ್ಕಿನ ಹಿಂದಿನ ಮರವನ್ನು, ಮರದ ಹಿಂದಿನ ಗೋಡೆಯನ್ನು. ಆಂಗಲ್ಲಿನ ಅಂಚು ಸಂದಿಯ ಪಕ್ಕದಲ್ಲೇ ಇರುವುದರಿಂದ ಹಾರೆಗೆ ಮೀಟಲು ಮೆತ್ತನೆ ಮರವೂ ಸಿಗುವುದಿಲ್ಲ.

ಬೀಗಗಳು

32 ಮಿ.ಮೀ. ಬಾಗಿಲಿಗೆ ಮಾರ್ಟಿಸ್ ಲಾಕ್, ಅಂದರೆ ಬಾಗಿಲ ದಪ್ಪದೊಳಗೆ ಹುದುಗುವ ಬೀಗ, ಬೇಡ. ಅದರ ಡಬ್ಬಿಗೆ 18–20 ಮಿ.ಮೀ. ಅಗಲದ ಗುಂಡಿ ತೋಡಿದರೆ ಎರಡು ಬದಿಗೆ ಆರೇಳು ಮಿ.ಮೀ. ಮರ ಉಳಿಯುತ್ತದೆ, ಒದೆ ಬಿದ್ದಾಗ ಬಾಗಿಲೇ ಅಲ್ಲಿ ಬಿರಿಯುತ್ತದೆ. ಈಗಾಗಲೇ ಹಾಕಿಸಿದ್ದರೆ ಬಾಗಿಲ ಅಂಚಿಗೆ 2 ಮಿ.ಮೀ. ಉಕ್ಕಿನ ಯು-ಪಟ್ಟಿ ತೊಡಿಸಿ. ಕೀಲಿ ಹೋಗುವ ಸಿಲಿಂಡರ್ ಹೊರಮುಖದ ತಟ್ಟೆಯಿಂದ 2 ಮಿ.ಮೀ.ಗಿಂತ ಹೆಚ್ಚು ಚಾಚಿದೆಯೇ ನೋಡಿ. ಚಾಚಿದ್ದರೆ ಇಕ್ಕಳದಲ್ಲಿ ಹಿಡಿದು ಮುರಿಯುತ್ತಾರೆ; ನಡುವಿನ ಎಂ5 ಸ್ಕ್ರೂ ಹಾದುಹೋಗುವ ಜಾಗದಲ್ಲಿ ಅದರ ಲೋಹ ತೀರಾ ತೆಳು. 70 ಮಿ.ಮೀ. ಸಿಲಿಂಡರ್ ಇದ್ದ ಕಡೆ 60ರದ್ದು ಹಾಕಿದರೆ ಹಲವು ಬಾಗಿಲುಗಳಲ್ಲಿ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ.

ಇಲ್ಲಿ ಹಾಕಿದ್ದು ಒಳಮುಖಕ್ಕೆ ಕೂರುವ ರಿಮ್ ಲಾಕ್ ಎರಡು. ನೆಲದಿಂದ 1050 ಮಿ.ಮೀ. ಎತ್ತರಕ್ಕೆ ಮೂರು ಅಗುಳಿಯದು, 500ಕ್ಕೆ ಒಂದೇ ಅಗುಳಿಯದು. ಕೆಳಮೂಲೆಯ ಕದಲಿಕೆಗೆ ಈ ಎರಡನೆಯದೇ ಉತ್ತರ. ಎರಡೂ ಲಾಕ್‌ಗಳನ್ನು ಜೊತೆಗೆ ಬಂದ ಸ್ಕ್ರೂ ಬಿಟ್ಟು ಎಂ6 ಕ್ಯಾರೇಜ್ ಬೋಲ್ಟಿನಿಂದ ಆರುಪಾರು ಬಿಗಿಯಲಾಗಿದೆ: ಗುಂಡುತಲೆ ಹೊರಗೆ, ನಟ್ ಒಳಗೆ. ಫ್ಲಶ್ ಬಾಗಿಲಿನ ಒಳಗೆ ಅಗ್ಗದ ತುಂಬುವಿಕೆ ಇದ್ದರೂ ಇದು ಹಿಡಿಯುತ್ತದೆ. ಅಗುಳಿ ಗೂಡಿನೊಳಗೆ 20 ಮಿ.ಮೀ.ಗೂ ಹೆಚ್ಚು ಹೋಗಬೇಕು, ಬಾಗಿಲ ಸಂದಿ 3 ಮಿ.ಮೀ. ಮೀರಬಾರದು.

ನೈಟ್ ಲಾಚ್ ಇರುವ ಬಾಗಿಲನ್ನು ಕೀಲಿ ತಿರುಗಿಸದೆ ಸುಮ್ಮನೆ ಎಳೆದುಕೊಂಡು ಹೋದರೆ ಸಿಕ್ಕಿಕೊಳ್ಳುವುದು ಸ್ಪ್ರಿಂಗಿನ ನಾಲಗೆ ಮಾತ್ರ. ಸಂದಿಯಲ್ಲಿ ತೆಳು ಪ್ಲಾಸ್ಟಿಕ್ ತೂರಿಸಿದರೆ ಹಿಂದೆ ಸರಿಯುತ್ತದೆ. ಹಾಲು ತರಲು ಹೋಗಿ ಬರುವ ಹತ್ತು ನಿಮಿಷಕ್ಕೂ ಕೀಲಿ ತಿರುಗಿಸಿ ಅಗುಳಿ ಹಾಕಿಯೇ ಹೋಗಿ. ಹಗಲಿನ ಕಳ್ಳತನಕ್ಕೆ ಅಷ್ಟು ಹೊತ್ತು ಸಾಕು.

ಕೀಲಿ ಹೊರಗಿನಿಂದಲೂ ತಿರುಗುವುದರಿಂದ ಅಲ್ಡ್ರಾಪಿನ ಕೆಲಸ ಮುಗಿಯಿತು, ಅದನ್ನು ಕಿತ್ತು ತೆಗೆಯಬೇಕು. ಹೊರಗೆ ನೇತಾಡುವ ಪ್ಯಾಡ್‌ಲಾಕ್ ಮೆಟ್ಟಿಲು ಹತ್ತುವ ಪ್ರತಿಯೊಬ್ಬರಿಗೂ ಈ ಮನೆಯಲ್ಲಿ ಯಾರೂ ಇಲ್ಲ ಎಂದು ಹೇಳುತ್ತದೆ. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಕಳ್ಳರು ಒಂದು ಮನೆಗೆ ಕೈ ಹಾಕುವ ಮೊದಲು ಎದುರು-ಪಕ್ಕದ ಮನೆಗಳ ಹೊರಚಿಲಕ ಹಾಕಿಬಿಡುತ್ತಾರೆ. ಸದ್ದು ಕೇಳಿ ಎದ್ದವರು ತಮ್ಮ ಮನೆಯಲ್ಲೇ ಬಂದಿ. ಇಡೀ ಮಹಡಿಯ ಮನೆಗಳು ಒಟ್ಟಿಗೆ ಹೊರಚಿಲಕ ತೆಗೆಸಿದರೆ ಮಾತ್ರ ಇದಕ್ಕೆ ಪರಿಹಾರ. ಸೊಸೈಟಿಯ ಮೀಟಿಂಗಿನಲ್ಲಿ ಸಿಸಿಟಿವಿಗಿಂತ ಮೊದಲು ಎತ್ತಬೇಕಾದ ವಿಷಯ ಇದು.

ಸೇಫ್ಟಿ ಡೋರ್

ಹೊರಕ್ಕೆ ತೆರೆಯುವ ಬಾಗಿಲಿನ ಬಿಜಾಗರಿಯ ಕಡ್ಡಿ ಹೊರಗಿರುತ್ತದೆ. ಮೊಳೆ ಇಟ್ಟು ಸುತ್ತಿಗೆಯಿಂದ ಎಬ್ಬಿಸಿದರೆ ಕಡ್ಡಿ ಬರುತ್ತದೆ, ಬಾಗಿಲು ಬೀಗದ ಕಡೆಗೆ ತೂಗಿ ಬಿಡುತ್ತದೆ. ಪರಿಹಾರಕ್ಕೆ ಅರ್ಧ ಗಂಟೆ ಸಾಕು. ಪ್ರತಿ ಬಿಜಾಗರಿಯ ಎರಡು ರೆಕ್ಕೆಗಳಲ್ಲಿ ಎದುರುಬದುರಾದ ಒಂದು ಜೊತೆ ಸ್ಕ್ರೂ ತೆಗೆದು, ದಾರಂದದ ಕಡೆಯ ತೂತಿಗೆ ದಪ್ಪ ಸ್ಕ್ರೂ ಹಾಕಿ, 10–12 ಮಿ.ಮೀ. ಹೊರಗುಳಿಯುವಂತೆ ತಲೆ ಕತ್ತರಿಸಿ, ಎದುರಿನ ತೂತನ್ನು ಆ ಮೊಂಡಿ ಹೋಗುವಷ್ಟು ಅಗಲ ಮಾಡಿ. ಬಾಗಿಲು ಮುಚ್ಚಿದಾಗ ಮೊಂಡಿ ಎದುರಿನ ತೂತಿಗೆ ಹೋಗಿ ಕೂರುತ್ತದೆ, ಕಡ್ಡಿ ತೆಗೆದರೂ ಬಾಗಿಲು ಅಲುಗುವುದಿಲ್ಲ. ಜಾಳಿಗೆಯೊಳಗೆ ಕೈ ತೂರಿ ಚಿಲಕ ತೆಗೆಯದಂತೆ ಅದರ ಸುತ್ತ 300 × 300 ಮಿ.ಮೀ. ಅಗಲದ, 1.6 ಮಿ.ಮೀ. ದಪ್ಪದ ತಗಡು ಬೋಲ್ಟ್ ಮಾಡಿ.

ಕಿಟಕಿಗಳು

ಮೊದಲ ಮಹಡಿಗೆ ಡ್ರೈನೇಜ್ ಪೈಪೇ ಏಣಿ. ಡಕ್ಟಿನ, ಅಂದರೆ ಪೈಪುಗಳು ಇಳಿಯುವ ಕಿರಿದಾದ ಜಾಗದ, ಕಡೆಯ ಬಚ್ಚಲ ಕಿಟಕಿಯ ಗಾಜಿನ ಪಟ್ಟಿಗಳು ಹೊರಗಿನಿಂದಲೇ ಜಾರಿ ಬರುತ್ತವೆ, ಸಿಲಿಕೋನ್ ಅಂಟಿಸುವುದರ ಜೊತೆಗೆ ಒಳಗಡೆ 10 ಮಿ.ಮೀ. ಸರಳಿನ ಗ್ರಿಲ್ ಬೇಕು. ಅಡುಗೆಮನೆಯ ಎಗ್ಸಾಸ್ಟ್ ಫ್ಯಾನಿನ ಕಿಂಡಿಗೂ ಸರಳು ಹಾಕಿಸಿ.

ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಯ ಕದವನ್ನು ಮೇಲಕ್ಕೆತ್ತಿದರೆ ಕೆಳಗಿನ ಹಳಿಯಿಂದ ಕಳಚುತ್ತದೆ. ಕದ ಮುಚ್ಚಿದ ಸ್ಥಿತಿಯಲ್ಲಿ ಅದರ ನೆತ್ತಿಗೆ ನೇರವಾಗಿ, ಮೇಲಿನ ಹಳಿಯೊಳಗೆ ಎರಡು ಸೆಲ್ಫ್-ಟ್ಯಾಪಿಂಗ್ ಸ್ಕ್ರೂ ಹಾಕಿ, ತಲೆ ಮತ್ತು ಕದದ ನಡುವೆ 2 ಮಿ.ಮೀ. ಬಿಟ್ಟರೆ ಎತ್ತಲು ಎಡೆ ಇರುವುದಿಲ್ಲ.

ಗ್ರಿಲ್ಲಿನಲ್ಲಿ ನೋಡಬೇಕಾದ್ದು ಸರಳಿಗಿಂತ ಅದರ ಬೇರು. ಮರದ ಚೌಕಟ್ಟಿಗೆ ಹೊರಗಿನಿಂದ ಸ್ಕ್ರೂ ಹೊಡೆದ ಗ್ರಿಲ್ಲನ್ನು ಸ್ಕ್ರೂಡ್ರೈವರ್ ಇದ್ದವರು ಕಳಚುತ್ತಾರೆ. ಎಂ8 ಆಂಕರಿನಿಂದ ಗೋಡೆಗೆ ಬಿಗಿದು ತಲೆಗಳನ್ನು ವೆಲ್ಡ್ ಮಾಡಿಸಿ. ಸರಳು ಗೋಡೆಗೆ ಹೋಗುವ ಜಾಗದಲ್ಲಿ ಮಳೆನೀರು ನಿಂತು ತುಕ್ಕು ತಿನ್ನುತ್ತದೆ, ಮುಂಬೈ-ಗೋವೆಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಬಣ್ಣ ಕೆರೆದು ನೋಡಿ: 12 ಮಿ.ಮೀ. ಸರಳು ಅಲ್ಲಿ ಅರ್ಧಕ್ಕೆ ಸವೆದಿರಬಹುದು.

ಒಂದು ಮಾತು ಮರೆಯಲೇಬಾರದು. ಎಲ್ಲಾ ಕಿಟಕಿಗೂ ಗಟ್ಟಿ ಗ್ರಿಲ್ ಜಡಿದ ಮನೆಯಲ್ಲಿ ಬೆಂಕಿ ಬಿದ್ದರೆ ಒಳಗಿನವರಿಗೆ ದಾರಿಯೇ ಇಲ್ಲ. ಒಂದಾದರೂ ಕಿಟಕಿಯಲ್ಲಿ ಮನುಷ್ಯ ನುಸುಳುವಷ್ಟು ದೊಡ್ಡ, ಒಳಗಿನಿಂದ ತೆರೆಯುವ ಬಾಗಿಲು ಇರಬೇಕು. ಕೀಲಿ ಕಿಟಕಿಯಿಂದ ಒಂದೂವರೆ ಮೀಟರ್ ದೂರದ ಗೋಡೆಯಲ್ಲಿ, ಮನೆಯ ಮಕ್ಕಳಿಗೂ ಗೊತ್ತಿರುವ ಮೊಳೆಯಲ್ಲಿ ತೂಗಬೇಕು.

ಚಿನ್ನ ಮತ್ತು ಕಾಗದ

ಸ್ಟೀಲ್ ಕಪಾಟಿನ ತಗಡು ಸಾಮಾನ್ಯವಾಗಿ 22 ಗೇಜ್, ಮಿಲಿಮೀಟರಿಗಿಂತ ಕಡಿಮೆ. ಅದೇ ಹಾರೆಗೆ ಅದು ತಡೆಯುವುದಿಲ್ಲ. ನಲವತ್ತು ಕಿಲೋದ ಸೇಫನ್ನು ಇಬ್ಬರು ಹೊತ್ತೊಯ್ಯಬಹುದು, ಬಿಗಿಯದಿದ್ದರೆ ಅದು ಕಳ್ಳನಿಗೆ ಅನುಕೂಲದ ಪೆಟ್ಟಿಗೆ. ಹಿಂಬದಿಗೆ ಎರಡು, ತಳಕ್ಕೆ ಎರಡು ಎಂ10 ಆಂಕರ್. ಹಿಂಬದಿಯವು ಕಾಂಕ್ರೀಟ್ ಕಂಬಕ್ಕೆ ಸಿಗುವಂಥ ಜಾಗ ಹುಡುಕಿ.

ಬ್ಯಾಂಕ್ ಲಾಕರ್ ಮೇಲು. 2022ರ ಜನವರಿ 1ರಿಂದ ಜಾರಿಯಾದ ರಿಸರ್ವ್ ಬ್ಯಾಂಕ್ ನಿಯಮದಂತೆ ಬ್ಯಾಂಕಿನಲ್ಲಿ ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ವಾರ್ಷಿಕ ಬಾಡಿಗೆಯ 100 ಪಟ್ಟು. ಅದಕ್ಕಿಂತ ಹೆಚ್ಚು ಬೆಲೆಯ ಒಡವೆಗೆ ವಿಮೆ ಬೇರೆ ಮಾಡಿಸಬೇಕು.

ಪ್ರತಿ ಒಡವೆಯ ಫೋಟೋ, ತೂಕ, ಬಿಲ್ಲು ಮತ್ತು ಎಚ್.ಯು.ಐ.ಡಿ. ಬರೆದಿಡಿ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕ್ ಚಿನ್ನದ ಮೇಲೆ ಕಡ್ಡಾಯವಾದ ಆರು ಅಕ್ಷರ-ಅಂಕಿಗಳ ಗುರುತು ಅದು, ಪ್ರತಿ ಒಡವೆಗೂ ಬೇರೆ. ಭೂತಗನ್ನಡಿಯಲ್ಲಿ ಓದಬಹುದು. ಒಡವೆ ಪತ್ತೆಯಾದಾಗ ಇದು ನಮ್ಮದೇ ಎಂದು ತೋರಿಸಲು ಇದಕ್ಕಿಂತ ನೇರವಾದ ಸಾಕ್ಷಿ ಸಿಗುವುದು ಕಷ್ಟ.

ಕಳ್ಳತನ ಆಗಿಹೋಗಿದ್ದರೆ ಒಳಗೆ ಕಾಲಿಡದೆ, ಚೆಲ್ಲಾಪಿಲ್ಲಿಯಾದ ಬಟ್ಟೆ ಎತ್ತಿಡದೆ 112ಕ್ಕೆ ಕರೆ ಮಾಡಿ. ಪಂಚನಾಮೆ, ಬೆರಳಚ್ಚು ಮುಗಿಯುವವರೆಗೆ ಕಪಾಟಿನ ಹಿಡಿ ಮುಟ್ಟಬೇಡಿ. 2024ರ ಜುಲೈ 1ರಿಂದ ಇಂಥ ಪ್ರಕರಣಗಳು ಭಾರತೀಯ ನ್ಯಾಯ ಸಂಹಿತೆಯ ಅಡಿ ದಾಖಲಾಗುತ್ತವೆ: ಮನೆಯೊಳಗಿನ ಕಳ್ಳತನಕ್ಕೆ ಕಲಂ 305, ಮನೆ ಒಡೆದದ್ದಕ್ಕೆ ಕಲಂ 331. ಎಫ್.ಐ.ಆರ್. ಪ್ರತಿ ಉಚಿತ, ಕೇಳಿ ಪಡೆಯಿರಿ; ವಿಮೆಗೆ ಅದು ಬೇಕಾಗುತ್ತದೆ.

ಮಳೆಗಾಲದ ತಪಾಸಣೆ

ಕೆಲಸ ಮುಗಿದ ಮೇಲೆ ಅದೇ ಅಂಗೈ ಪರೀಕ್ಷೆ: ಬೀಗದ ಬಳಿ ಕದಲಿಕೆ 1 ಮಿ.ಮೀ. ಒಳಗೆ, ದಾರಂದ ಅಲುಗಿಲ್ಲ. ಆದರೆ ಬೇಸಿಗೆಯಲ್ಲಿ ಕೂರಿಸಿದ ಬಾಗಿಲು ಜುಲೈಗೆ ನೀರು ಹೀರಿ ಉಬ್ಬುತ್ತದೆ. ಸಂದಿ ಬಿಗಿಯಾಗುತ್ತದೆ, ಅಗುಳಿ ಗೂಡಿನ ಅಂಚಿಗೆ ತಾಗುತ್ತದೆ. ಆಗ ಮನೆಯವರು ಕೆಳಗಿನ ಲಾಕ್ ಹಾಕುವುದನ್ನೇ ಬಿಟ್ಟುಬಿಡುತ್ತಾರೆ. ಬಾಗಿಲ ಅಂಚು ಹೆರೆಯುವ ಆತುರ ಬೇಡ, ನವೆಂಬರಿನಲ್ಲಿ ಅದೇ ಸಂದಿ ಹಾರೆಗೆ ದಾರಿಯಾಗುತ್ತದೆ. ಗೂಡಿನ ತೂತನ್ನು ಮೇಲೆ-ಕೆಳಗೆ ಮಾತ್ರ 2 ಮಿ.ಮೀ. ಅರದಿಂದ ಉಜ್ಜಿ. ಬಾಗಿಲಿನ ತಳದ ಅಂಚಿಗೆ, ಯಾರೂ ಬಣ್ಣ ಹಚ್ಚದ ಆ ಜಾಗಕ್ಕೆ, ಮೇ ಮುಗಿಯುವುದರೊಳಗೆ ಎರಡು ಕೋಟ್ ಎಣ್ಣೆಬಣ್ಣ ಬಳಿಯಿರಿ; ಬಾಗಿಲು ಹೆಚ್ಚು ನೀರು ಕುಡಿಯುವುದು ಅಲ್ಲಿಂದಲೇ. ಕೀಲಿಕಿಂಡಿಗೆ ಎಣ್ಣೆ ಬಿಡಬೇಡಿ, ಧೂಳು ಅಂಟಿ ಪಿನ್ನುಗಳು ಕಚ್ಚಿಕೊಳ್ಳುತ್ತವೆ. ಗ್ರಾಫೈಟ್ ಪುಡಿ ಚಿಟಿಕೆಯಷ್ಟು ಸಾಕು.